ಏಳಡಿ ಜೈಲು, ಗ್ರೂಪಲ್ಲಿ ಜಗಳ

ಸ್ವಾತಿ: (ಫೋಟೋ) ಇಲ್ಲಿ ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಕ್ಯಾಸಲ್ ಕೇರಿ ಅಂತ ಊರು, ಇದು ಆ ಊರಿನ ಹಳೇ ಲಾಕಪ್ಪು!! 1779ರಲ್ಲಿ 23 ಪೌಂಡ್ ಖರ್ಚು ಮಾಡಿ ಕಟ್ಸಿದ್ದಂತೆ, ಅಗಲ ಏಳಡಿ ಎತ್ತರ ಹತ್ತಡಿ ಅಷ್ಟೇ. ಎಷ್ಟ್ ಕ್ಯೂಟಾಗಿದೆ ಅಲ್ವಾ

ಕಿರಣ: ಹಹಹ ಅಕ್ಕ ಥೇಟ್ ನಮ್ಮ ಮಹಡಿ ಮೇಲಿನ ಸಿಂಟೆಕ್ಸ್ ಟ್ಯಾಂಕು

ರಾಘು ಮಾವ: ಕ್ಯೂಟ್ ಏನ್ ಬಂತಮ್ಮ ಅದ್ರಲ್ಲಿ. ಎರಡು ಸಣ್ಣ ಕಂಬಿ ಕಿಂಡಿ ಬಿಟ್ರೆ ಗಾಳಿ ಬೆಳಕಿಗೆ ದಾರಿ ಇಲ್ಲ. ವಿಚಾರಣೇನೇ ಆಗದಿರೋ ಮನುಷ್ಯನ್ನ ರಾತ್ರಿಯೆಲ್ಲ ಅದ್ರೊಳಗೆ ಕೂಡಾಕೋದು

ಸ್ವಾತಿ: ಮಾವ ಒಂದ್ ರಾತ್ರಿ ತಾನೇ, ಹೆಚ್ಚಿನವ್ರು ಕುಡಿದು ಗಲಾಟೆ ಮಾಡಿದವ್ರೇ, ಬೆಳಗಾದ್ರೆ ಮ್ಯಾಜಿಸ್ಟ್ರೇಟ್ ಹತ್ರ ಕರ್ಕೊಂಡ್ ಹೋಗೋರು. ಆಗ ಹಳ್ಳಿಗಳಲ್ಲಿ ಪೊಲೀಸ್ ಸ್ಟೇಷನ್ನೇ ಇರ್ಲಿಲ್ಲ, ಕಾನ್‌ಸ್ಟೇಬಲ್ ಅಂದ್ರೆ ಊರವನೇ ಒಬ್ಬ, ವರ್ಷಕ್ಕೊಬ್ಬನ ತಲೆಗೆ ಕಟ್ಟೋರು, ಸಂಬಳಾನೂ ಇಲ್ಲ, ಅವ್ನು ಕಳ್ಳನ್ನ ತಂದು ಹೆಂಡ್ತಿ ಮಕ್ಕಳಿರೋ ಮನೇಲಿ ಇಟ್ಕೊಳ್ಳಕ್ಕಾಗತ್ತಾ ನೀವೇ ಹೇಳಿ

ರಾಘು ಮಾವ: ಮ್ಯಾಜಿಸ್ಟ್ರೇಟ್ ಯಾರು ಅಂತಾನೂ ಹೇಳು. ಆ ಕಡೆಯ ಜಮೀನ್ದಾರ್ರೇ ಆ ಕುರ್ಚೀಲಿ ಕೂರ್ತಿದ್ದಿದ್ದು. ಕುಡಿದವನು ಕೂಲಿಯವ ಆದ್ರೆ ಈ ಗೂಡು, ದೊಡ್ಡ ಮನುಷ್ಯ ಆದ್ರೆ ಸಾರೋಟಲ್ಲಿ ಮನೆಗೆ. ನಮ್ಮಲ್ಲಿ 24 ಗಂಟೆಯೊಳಗೆ ಹಾಜರು ಮಾಡ್ಬೇಕು ಅಂತ ಸಂವಿಧಾನದ 22ನೇ ವಿಧೀಲಿ ಸುಮ್ನೆ ಬರೆದಿಲ್ಲ

ಸುಮತ್ತೆ: ರೀ ಬಿಪಿ ಮಾತ್ರೆ ತಗೊಂಡ್ರಾ

ಕಿರಣ: ಮಾವ ಎವರ್ಟನ್ ಫುಟ್‌ಬಾಲ್ ಕ್ಲಬ್ ಲಾಂಛನದಲ್ಲಿರೋ ಗೋಪುರಾನೂ ಇಂಥದೇ ಲಾಕಪ್ಪು ಗೊತ್ತಾ, ಲಿವರ್‌ಪೂಲಲ್ಲಿ 1787ರಲ್ಲಿ ಕಟ್ಟಿದ್ದು. 1938ರಲ್ಲೇ ಅದನ್ನ ಲಾಂಛನಕ್ಕೆ ತಗೊಂಡ್ರು, ಈಗ ಎದೆ ಮೇಲೆ ಹಾಕ್ಕೊಂಡಿದಾರೆ, ಅಲ್ಲಿಯವ್ರಿಗೇ ಇಲ್ಲದ ಬೇಜಾರು ನಿಮಗ್ಯಾಕೆ

ರಾಘು ಮಾವ: ಎದೆ ಮೇಲೆ ಹಾಕ್ಕೊಂಡವನು ಒಳಗೆ ಮಲಗಿದ್ನೇನೋ? 23 ಪೌಂಡ್ ಲೆಕ್ಕ ಇವತ್ತಿಗೂ ಸಿಗತ್ತೆ, ಒಳಗಿದ್ದವರದ್ದು ಒಬ್ಬರ ಹೆಸರಾದ್ರೂ ಅಲ್ಲಿ ಬರೆದಿದ್ರಾ ಸ್ವಾತಿ?

ಸ್ವಾತಿ: ನೋಡ್ಲಿಲ್ಲ ಮಾವ ಮಳೆ ಶುರುವಾಯ್ತು. ಆದ್ರೆ ಅವ್ರೂ ಹಾಗೇ ಬಿಡ್ಲಿಲ್ಲ, 1839ರ ಕಾನೂನು ಬಂದ್ಮೇಲೆ ನಿಧಾನಕ್ಕೆ ಕೌಂಟಿ (ನಮ್ಮ ಜಿಲ್ಲೆ ಥರ) ಪೊಲೀಸು ಸ್ಟೇಷನ್ನು ಅಂತ ಆಗಿ ಇವೆಲ್ಲ ಖಾಲಿ ಬಿದ್ವು

ಕಿರಣ: ಎಲ್ಲಾ ಅಲ್ಲ. ಇಂಗ್ಲಿಷ್ ಕಾಲುವೇಲಿರೋ ಪುಟ್ಟ ಸಾರ್ಕ್ ದ್ವೀಪದ್ದು 1856ರದ್ದು, ಇಬ್ಬರಿಗೆ ಜಾಗ, ಈಗ್ಲೂ ಬೇಕಾದ್ರೆ ರಾತ್ರಿಗೆ ಹಾಕ್ತಾರೆ, ಜಾಸ್ತಿ ದಿನ ಅಂದ್ರೆ ಪಕ್ಕದ ದೊಡ್ಡ ದ್ವೀಪ ಗರ್ನ್‌ಸಿಗೆ ಕಳಿಸ್ತಾರೆ

ಸ್ವಾತಿ: ಅಯ್ಯೋ ಹೌದಾ! ನೆಕ್ಸ್ಟ್ ರಜಕ್ಕೆ ಅಲ್ಲಿಗೇ

ರಾಘು ಮಾವ: ಹೋದ್ರೆ ಬಾಗಿಲು ತೆಗೆಸಿ ಒಳಗಡೆಯಿಂದ ತೆಗೆದ ಫೋಟೋ ಹಾಕು. ಆಮೇಲೆ ಕ್ಯೂಟ್ ಅನ್ನು