ಆರು ವರ್ಷದ ಮಗಳಿಗೆ ಆಟದ ಲ್ಯಾಪ್‌ಟಾಪ್ ಕೊಡಿಸಬಹುದಾ?

ತೀರ್ಥಹಳ್ಳಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ, ತೋಟದ ನಡುವೆ. ಮಗಳು ಒಂದನೇ ಕ್ಲಾಸು. ಜೊತೆಗೆ ಆಡಲು ಹತ್ತಿರದಲ್ಲಿ ಬೇರೆ ಮಕ್ಕಳಿಲ್ಲ. ಹೋದ ವಾರ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನಲ್ಲಿ ಒಂದು ಆಟದ ಲ್ಯಾಪ್‌ಟಾಪ್ ನೋಡಿದಳು. ಗುಲಾಬಿ ಬಣ್ಣ, ಬೆಂಕಿಪೊಟ್ಟಣದಷ್ಟು ಪರದೆ, ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಅವತ್ತಿನಿಂದ ಅದೇ ಜಪ. ನಮ್ಮ ಭಾವ ಕೊಡಿಸುತ್ತೇನೆ ಅಂತಿದ್ದಾರೆ, ನನಗೆ ಮನಸ್ಸು ಒಪ್ಪುತ್ತಿಲ್ಲ.

ಯಾಕೆ ಅಂದರೆ ಎರಡು ವರ್ಷದ ಹಿಂದೆ ಹಾಡು ಹೇಳುವ ಇಂಥದ್ದೇ ಒಂದು ಆಟಿಕೆ ತಂದಿದ್ದೆವು, ಎರಡು ವಾರ ಬಿಡದೆ ಆಡಿದಳು, ಹಾಡೆಲ್ಲ ಬಾಯಿಪಾಠ ಆದ ಮೇಲೆ ಮುಟ್ಟಲಿಲ್ಲ, ಮಳೆಗಾಲ ಪೂರ್ತಿ ಕಪಾಟಿನಲ್ಲಿ ಬಿದ್ದು ಸೆಲ್ಲು ಸೋರಿ ಹಾಳಾಯಿತು. ಮೊಬೈಲ್ ಕೈಗೆ ಕೊಡಲು ಇಷ್ಟ ಇಲ್ಲ. ನೆಟ್‌ವರ್ಕ್ ಅಂತೂ ಗುಡ್ಡ ಹತ್ತಿದರೆ ಮಾತ್ರ. ಹಾಗಂತ ಕಂಪ್ಯೂಟರ್ ಅಂದರೆ ಏನು ಅಂತಲೇ ಗೊತ್ತಿಲ್ಲದೆ ಬೆಳೆಯಬಾರದಲ್ವಾ? ಇದನ್ನೇ ಕೊಡಿಸಲಾ, ಬೇರೆ ಏನಾದರೂ ಇದೆಯಾ?

ಸಾಗರದ ರಿಪೇರಿಯವನು:

ಅಕ್ಕಾ, ನಾನು ಟಿವಿ, ರೇಡಿಯೋ ರಿಪೇರಿ ಮಾಡುತ್ತೇನೆ. ಇಂಥ ಲ್ಯಾಪ್‌ಟಾಪ್ ಎಷ್ಟೋ ಬಿಚ್ಚಿದ್ದೇನೆ. ಒಳಗಿರುವುದು ಕಪ್ಪು ಅಂಟು ಸುರಿದು ಮುಚ್ಚಿದ ಒಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್, ಒಂದು ಸ್ಪೀಕರು, ಅಷ್ಟೇ. ಮಾತು, ಹಾಡು ಎಲ್ಲ ಕಾರ್ಖಾನೆಯಲ್ಲೇ ತುಂಬಿಸಿರುತ್ತಾರೆ. ಆಮೇಲೆ ಹೊಸದು ಸೇರಿಸಲು ಬರುವುದಿಲ್ಲ. ಇವತ್ತು ಅದರಲ್ಲಿ ಕನ್ನಡ ಇಲ್ಲ ಅಂದರೆ ಯಾವತ್ತೂ ಇಲ್ಲ. ನಿಮ್ಮ ಮಗಳಿಗೆ ಎರಡು ವಾರದಲ್ಲಿ ಸಾಕಾಗಿದ್ದು ಅದಕ್ಕೇ, ಮಗುವಿನ ತಪ್ಪಲ್ಲ.

ಹಾಗಂತ ಎಲ್ಲವೂ ದಂಡ ಅಲ್ಲ. 1978ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಸ್ಪೀಕ್ ಆ್ಯಂಡ್ ಸ್ಪೆಲ್ ಅಂತ ಒಂದು ಆಟಿಕೆ ಮಾಡಿತ್ತು. ಅದು ಒಂದು ಪದ ಹೇಳಿ ಸುಮ್ಮನಾಗುತ್ತಿತ್ತು, ಮಗು ಒಂದೊಂದೇ ಅಕ್ಷರ ಒತ್ತಬೇಕು, ತಪ್ಪಾದರೆ ಇನ್ನೊಂದು ಸಲ ನೋಡು ಅನ್ನುತ್ತಿತ್ತು. ಅಂಗಡಿಯಲ್ಲಿ ನೀವೂ ಇದನ್ನೇ ನೋಡಿ. ಒತ್ತಿದಾಗ ಸುಮ್ನೆ ಕೂಗುತ್ತದಾ, ಇಲ್ಲಾ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತದಾ ಅಂತ.

ಐಎಸ್‌ಐ ಗುರುತು ಇಲ್ಲದಿದ್ದರೆ ಬೇಡವೇ ಬೇಡ. 2021ರ ಜನವರಿಯಿಂದ ಆಟಿಕೆಗೆ ಅದು ಕಡ್ಡಾಯ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲಿ. ಗುಂಡಿಯಂಥ ಚಪ್ಪಟೆ ಸೆಲ್ಲು ಹಾಕುವ ಆಟಿಕೆ ಮನೆಗೆ ತರಲೇಬೇಡಿ ಅಂತ ನಾನು ಹೇಳುತ್ತೇನೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಹಳೆಯ ಆಟಿಕೆ ಬಿಸಾಡಬೇಡಿ. ಹಾಕಿದ್ದು ಆಲ್ಕಲೈನ್ ಸೆಲ್ಲಾದರೆ ಸೋರಿದ ಕಡೆ ಕಟ್ಟಿದ ಬಿಳಿ ಪುಡಿಗೆ ಹತ್ತಿಯಲ್ಲಿ ಎರಡು ಹನಿ ನಿಂಬೆರಸ ಹಾಕಿ ಒರೆಸಿ, ಒಣಗಿಸಿ, ಸೆಲ್ಲು ತಾಗುವ ತಗಡನ್ನು ಉಪ್ಪುಕಾಗದದಲ್ಲಿ ಉಜ್ಜಿ. ಜಾಸ್ತಿ ಸಲ ಅಷ್ಟಕ್ಕೇ ಮಾತಾಡುತ್ತದೆ. ಮಳೆಗಾಲಕ್ಕೆ ಮೊದಲು ಸೆಲ್ಲು ತೆಗೆದಿಡಿ. ಥಂಡಿ ಅಂತ ಬಚ್ಚಲೊಲೆ ಹತ್ತಿರ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಹೊಸನಗರದ ಟೀಚರ್:

ಮನೆಯಲ್ಲಿ ಅಥವಾ ನೆಂಟರ ಹತ್ತಿರ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದೆಯಾ ಕೇಳಿ ನೋಡಿ. ಅದಕ್ಕೆ ಟಕ್ಸ್ ಪೇಂಟ್ ಅಂತ ಮಕ್ಕಳು ಚಿತ್ರ ಬಿಡಿಸುವ ಪ್ರೋಗ್ರಾಂ ಹಾಕಿಸಿ. ದುಡ್ಡು ಕೊಡಬೇಕಿಲ್ಲ, ಪೇಟೆಯಲ್ಲಿ ಒಂದು ಸಲ ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ಮತ್ತೆ ಇಂಟರ್ನೆಟ್ ಬೇಡ. ಗುಂಡಿಗಳ ಹೆಸರು ಕನ್ನಡದಲ್ಲೇ ಬರುವ ಹಾಗೆ ಮಾಡಬಹುದು. ಜಿಕಾಂಪ್ರಿ ಅಂತ ಇನ್ನೊಂದಿದೆ, ಅದರಲ್ಲಿ ಎಣಿಕೆ, ಗಡಿಯಾರ, ಚೆಸ್, ಮೌಸ್ ಹಿಡಿಯುವ ಅಭ್ಯಾಸ, ಹೀಗೆ ನೂರಕ್ಕೂ ಜಾಸ್ತಿ ಆಟಗಳು. ನಮ್ಮ ಶಾಲೆಯ ಮಕ್ಕಳು ಮೊದಲು ಬರೆದದ್ದು ಅವರವರ ಹೆಸರು, ಆಮೇಲೆ ದನ, ಆಮೇಲೆ ಮಳೆ.

ಒಂದು ಮಾತು. ಏನೇ ತಂದರೂ ಪಕ್ಕದಲ್ಲಿ ಕೂತುಕೊಳ್ಳಿ. ಅಮೆರಿಕದಲ್ಲಿ ಒಂದು ಅಧ್ಯಯನ ಆಗಿತ್ತು, 10ರಿಂದ 16 ತಿಂಗಳ 26 ಮಕ್ಕಳು ಮತ್ತು ಅವರ ಅಪ್ಪ ಅಮ್ಮ. ಮಾತಾಡುವ ಆಟಿಕೆ ಕೊಟ್ಟಾಗ ದೊಡ್ಡವರ ಮಾತು ಕಡಿಮೆ ಆಯಿತು, ಪುಸ್ತಕ ಕೊಟ್ಟಾಗ ಜಾಸ್ತಿ. ಅವು ಎಳೆ ಮಕ್ಕಳು, ನಿಜ. ಆದರೆ ಆಟಿಕೆ ಮಾತಾಡುತ್ತಿದೆಯಲ್ಲ ಅಂತ ನಾವು ಎದ್ದು ಅಡುಗೆಮನೆಗೆ ಹೋಗುವುದು ಆರು ವರ್ಷದ ಮಗುವಿನ ಮನೆಯಲ್ಲೂ ಇದ್ದದ್ದೇ ಅಲ್ವಾ?

ತೀರ್ಥಹಳ್ಳಿ ಅಮ್ಮ:

ಟೀಚರ್, ಭಾವನ ಮನೆಯಲ್ಲೇ ಒಂದು ಹಳೆಯ ಲ್ಯಾಪ್‌ಟಾಪ್ ಇದೆ, ಮರೆತೇ ಹೋಗಿತ್ತು. ಬ್ಯಾಟರಿ ಅರ್ಧ ಗಂಟೆ ನಿಲ್ಲುತ್ತದಂತೆ. ಇಲ್ಲಿ ಕರೆಂಟ್ ನಂಬುವ ಹಾಗಿಲ್ಲ.

ಹೊಸನಗರದ ಟೀಚರ್:

ಆರು ವರ್ಷಕ್ಕೆ ಅರ್ಧ ಗಂಟೆ ಧಾರಾಳ ಆಯಿತು.

ಕೊಪ್ಪದ ತೋಟದಮನೆ:

ಈಗಲ್ಲ, ಇನ್ನೆರಡು ಮೂರು ವರ್ಷಕ್ಕೆ ನೆನಪಿಟ್ಟುಕೊಳ್ಳಿ ಮಾರಾಯ್ರೇ. ಮೈಕ್ರೋಬಿಟ್ ಅಂತ ಒಂದು ಸಣ್ಣ ಬೋರ್ಡ್ ಬರುತ್ತದೆ. ಅದರಲ್ಲಿ 25 ಪುಟ್ಟ ದೀಪ, ಎರಡು ಗುಂಡಿ, ಎರಡು ಸಣ್ಣ ಸೆಲ್ಲಿನಲ್ಲಿ ಓಡುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿಯವರು ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ಪುಕ್ಕಟೆ ಹಂಚಿದ್ದರು. ಏನು ಮಾಡಬೇಕು ಅಂತ ಮಗುವೇ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಮಾಡಿ ಅದಕ್ಕೆ ಹೇಳಿಕೊಡಬೇಕು, ಅದೇ ಇದರ ಚಂದ.

ನನ್ನ ಮಗ ನಾಲ್ಕನೇ ಕ್ಲಾಸಿನಲ್ಲಿ ಮಾಡಿದ್ದು ಹೇಳುತ್ತೇನೆ. ನಮ್ಮಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿರುತ್ತೇವೆ, ಅಕಾಲದಲ್ಲಿ ಒಂದು ಮಳೆ ಬಿದ್ದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು. ಅವನು ಹಲಗೆ ತುಂಡಿಗೆ ಹತ್ತಿರ ಹತ್ತಿರ ಎರಡು ಮೊಳೆ ಹೊಡೆದು, ನಡುವೆ ಬಟ್ಟೆ ಚೂರು ಇಟ್ಟು, ವೈರಿನಲ್ಲಿ ಬೋರ್ಡಿಗೆ ಸೇರಿಸಿದ. ಬಟ್ಟೆ ಒದ್ದೆಯಾದರೆ ಕರೆಂಟ್ ಹರಿಯುತ್ತದೆ, ಬೋರ್ಡಿನಲ್ಲಿ ಕಾಣುವ ಸಂಖ್ಯೆ ಏರುತ್ತದೆ, ಪೀಂ ಅಂತ ಕೂಗುತ್ತದೆ. ಕೂಗಲು ಸ್ಪೀಕರ್ ಇರುವ ಎರಡನೇ ಆವೃತ್ತಿಯೇ ಬೇಕು. ಮೊದಲ ದಿನ ಬೆಳಗಿನ ಜಾವ ಐದಕ್ಕೇ ಕೂಗಿತು, ಎಲ್ಲರೂ ಎದ್ದು ಓಡಿದೆವು, ನೋಡಿದರೆ ಇಬ್ಬನಿ! ಹುಡುಗ ಮೂರು ದಿನ ಬೆಳಿಗ್ಗೆ ಎದ್ದು ಇಬ್ಬನಿಗೆ ಎಷ್ಟು ಸಂಖ್ಯೆ, ನೀರು ಚಿಮುಕಿಸಿದರೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದ. ಅವೆರಡರ ನಡುವಿನ ಒಂದು ಸಂಖ್ಯೆ ದಾಟಿದರೆ ಮಾತ್ರ ಕೂಗುವ ಹಾಗೆ ಮಾಡಿದ. ಆಮೇಲೆ ಸರಿಯಾಯಿತು. ನಾನು ಏನೂ ಹೇಳಿಕೊಟ್ಟಿಲ್ಲ, ಮೊಳೆ ಹೊಡೆಯುವಾಗ ಹಲಗೆ ಹಿಡಿದುಕೊಂಡಿದ್ದೆ.

ತೀರ್ಥಹಳ್ಳಿ ಅಮ್ಮ:

ಇದನ್ನು ನಮ್ಮ ಮಾವನಿಗೆ ಓದಿ ಹೇಳಿದೆ. ಅಡಿಕೆ ವಿಷಯ ಬಂದ ಕೂಡಲೇ ಅದು ಎಲ್ಲಿ ಸಿಗುತ್ತದೆ ಅಂತ ಅವರೇ ಕೇಳುತ್ತಿದ್ದಾರೆ. ಸದ್ಯಕ್ಕೆ ಗುಲಾಬಿ ಲ್ಯಾಪ್‌ಟಾಪ್ ಬೇಡ ಅಂತ ಭಾವನಿಗೆ ಹೇಳಿದ್ದೇನೆ, ಹಳೆಯದನ್ನೇ ಈ ಭಾನುವಾರ ತರುತ್ತಾರೆ. ಮಗಳು ಸ್ವಲ್ಪ ಅತ್ತಳು. ನಿನ್ನ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಣ್ಣ ಹಚ್ಚಬಹುದು ಅಂದಾಗ ಸುಮ್ಮನಾದಳು. ಸಾಗರದ ಅಣ್ಣ, ಹಳೆಯ ಆಟಿಕೆಗೆ ನಿಂಬೆರಸ ಹಾಕಿ ಉಜ್ಜಿದೆ. ಒಂದು ಕಡೆ ತಗಡು ಮುರಿದೇ ಹೋಗಿದೆ. ಅಲ್ಲಿಗೆ ಏನು ಬೆಸುಗೆ ಹಾಕಬೇಕು?