ಹಳೇ ಸ್ಯಾಕ್ಸೋಫೋನ್ ತಗೊಳ್ಳೋ ಮುಂದ ಏನೇನು ನೋಡಬೇಕು? ಬಲ್ಲವರು ಹೇಳ್ರಿ

ಹಾವೇರಿಯಿಂದ ಕೇಳಿದವರು:

ಎಲ್ಲಾರಿಗೂ ನಮಸ್ಕಾರ್ರಿ. ಸಣ್ಣಾಂವ ಇದ್ದಾಗಿಂದ ಪೇಟಿ (ಹಾರ್ಮೋನಿಯಂ) ಬಾರಸ್ತೀನಿ, ನಮ್ಮೂರ ಭಜನಿ ಮೇಳದಾಗ ಕೂಡ್ತೀನಿ. ಈಗ ಸ್ಯಾಕ್ಸೋಫೋನ್ ಕಲೀಬೇಕಂತ ಭಾಳ ಮನಸ್ಸಾಗೇತಿ. ಗೆಳೆಯರೊಬ್ಬರ ಆಲ್ಟೊ (ಸ್ಯಾಕ್ಸಿನ ಒಂದು ಅಳತಿ, ಟೆನರ್‌ಗಿಂತ ಸಣ್ಣದು) ಇಸಕೊಂಡು ಶುರು ಮಾಡೀನಿ, ಅದನ್ನ ಇನ್ನ ವಾಪಸ್ ಕೊಡಬೇಕು. ನೋಡಾಕ ಎರಡು ಸಿಕ್ಕಾವು. ಒಂದು ಹುಬ್ಬಳ್ಳ್ಯಾಗ, ಹಿಂದ ಬ್ಯಾಂಡ್ ನಡಸ್ತಿದ್ದ ಮನೆತನದವರ ಹತ್ರ ಇರೋ ಕಾನ್ ಕಂಪನಿ ಆಲ್ಟೊ. ಬೆಳ್ಳಿ ಗಿಲೀಟು, ದನಿ ಹೊರಗ ಬರೋ ಅಗಲ ಬಾಯಿ ಮ್ಯಾಲೆ ಹೂಬಳ್ಳಿ ಕೆತ್ತನಿ, ಹಿಂದ 1914 ಅಂತ ಬರದೈತಿ. ನೂರು ವರ್ಷದ ಮೇಲಿನ ಮಾಲು ಅಂತಾರ. ಇನ್ನೊಂದು ಧಾರವಾಡದಾಗ ಒಬ್ಬ ವಿದ್ಯಾರ್ಥಿ ಮಾರಾಕತ್ತಿರೋ ಯಮಾಹಾ ವೈಎಎಸ್-23. ರೇಟು ಎರಡಕ್ಕೂ ಹತ್ತತ್ರ ಒಂದ. ನನ್ನ ಮನಸ್ಸು ಹಳೇದರ ಕಡೆ ಎಳೀತೈತಿ. ಏನು ನೋಡಿ ತಗೋಬೇಕು?

ಹುಬ್ಬಳ್ಳಿಯ ಬ್ಯಾಂಡ್ ವಾದಕರು:

ಮೊದಲ ಆ 1914ರ ವಿಚಾರ ಹೇಳ್ತೀನ್ರಿ, ಯಾಕಂದ್ರ ಅದನ್ನ ತೋರಿಸೇ ರೇಟು ಏರಸ್ತಾರ. ಅದು ತಯಾರಾದ ವರ್ಷ ಅಲ್ಲ. ಸ್ಯಾಕ್ಸಿನ ಕೊಳವಿ ತಗಡನ್ನ ಹೊರಗ ಎಳದು, ಬ್ಯಾರೆ ಬೆಸಿಗಿ ಇಲ್ಲದ ತೂತಿನ ಕಂಠ ಎಬ್ಬಿಸೋ ಪದ್ಧತಿಗೆ 1914ರ ಡಿಸೆಂಬರ್ 8ಕ್ಕ ಅಮೆರಿಕಾದಾಗ ಪೇಟೆಂಟ್ ಆತು. ಕಾನ್‌ದವರು ಆ ತಾರೀಖನ್ನ ಮುಂದ ಎಷ್ಟೋ ವರ್ಷ ತಮ್ಮ ಸ್ಯಾಕ್ಸ್ ಮ್ಯಾಲೆ ಹೊಡೀತಿದ್ರು. 1925ರಾಗ ಆದದ್ದರ ಮ್ಯಾಲೂ ಅದ ತಾರೀಖ ಇರತೈತಿ. ನಿಮಗ ಬೇಕಾದದ್ದು ಅಲ್ಲೇ ಇರೋ ಸೀರಿಯಲ್ ನಂಬರ್, 'ಎಂ' ಅಕ್ಷರದ ಜೋಡಿ ಬಂದಿರತೈತಿ. ವರ್ಷ ಗೊತ್ತಾಗೋದು ಅದರಿಂದ. ಅದರ ಆಸುಪಾಸು ಒಂದೆರಡು ಒಂಟಿ ಅಕ್ಷರ ಇರತಾವು, ಅವು ನಂಬರಿಗಿಂತ ಮುಖ್ಯ. ಎಲ್ಲಾ ಫೋಟೋ ಹೊಡಕೊಂಡು ಬರ್ರಿ.

ಇನ್ನ ಬ್ಯಾಂಡಿನ್ಯಾಗ ಬಾಳಿದ ಮಾಲು ಅಂದ್ರ ಅದಕ್ಕ ಬಿಸಲು, ಮಳಿ, ಮೆರವಣಿಗಿ, ಟೆಂಪೋ ಹಿಂದಿನ ಸೀಟು ಎಲ್ಲಾ ಗೊತ್ತೈತಿ. ನೆಕ್, ಅಂದ್ರ ಮೌತ್‌ಪೀಸ್ ಸಿಗಸೋ ಮ್ಯಾಲಿನ ಬಾಗಿದ ಕೊಳವಿ, ತಗದು ಕಣ್ಣಿಗೆ ನೇರ ಹಿಡದು ನೋಡ್ರಿ. ವರ್ಷಾನುಗಟ್ಲೆ ಕೈಯಿಂದ ಕೆಳಗ ಜಗ್ಗಿ ಜಗ್ಗಿ ಅದರ ಬಾಗು ಚಪ್ಪಟಿ ಆಗಿರತೈತಿ. ಹಂಗಾಗಿದ್ರ ಸ್ವರ ಎಲ್ಲಾ ಆಚೀಚಿ. ಮೈ ಕೊಳವಿಯನ್ನೂ ಮ್ಯಾಲಿಂದ ಕೆಳಗ ಗುರಿ ಹಿಡದಂಗ ನೋಡ್ರಿ, ಡೊಂಕು ಇದ್ರ ಉದ್ದನ ಸಲಾಕಿಗೋಳು ಬಿಗಿ ಹಿಡೀತಾವು. ಕೆಳಗಿನ ಬಾಗಿನ್ಯಾಗ ಸಣ್ಣ ನೆಗ್ಗು ಇದ್ರ ಚಿಂತಿಲ್ಲ. ತೂತಿನ ಹತ್ರ ನೆಗ್ಗು ಇದ್ರ ಬ್ಯಾಡ್ರಿ.

ಧಾರವಾಡದಿಂದ, ಹಾಡೋರು ಮತ್ತ ಸ್ಯಾಕ್ಸ್ ಕಲಿಸೋರು:

ನೀವು ಪೇಟಿ ಬಾರಸೋರು ಅಂದ್ರ ಅರ್ಧ ಪರೀಕ್ಷಾ ನಿಮ್ಮ ಕೈಯಾಗ ಅದರಿ. ಪೇಟಿ ಒಯ್ಯಲಿಕ್ಕೆ ಆಗಲಿಲ್ಲಂದ್ರ ಫೋನಿನೊಳಗಿನ ಟ್ಯೂನರ್ ನಡೀತದ. ಸ್ಯಾಕ್ಸನ್ನ ಒಂದಿಷ್ಟು ಹೊತ್ತು ಊದಿ ಬೆಚ್ಚಗ ಮಾಡ್ರಿ, ತಣ್ಣಗಿದ್ದಾಗ ಸ್ವರ ಇಳದಿರ್ತದ. ಆಮ್ಯಾಲೆ ಎಡಗೈ ನಡು ಬೆರಳೊಂದನ್ನ ಒತ್ತಿ ಊದ್ರಿ. ಸ್ಯಾಕ್ಸಿನ ಲೆಕ್ಕದಾಗ ಅದು 'ಸಿ'. ಆಲ್ಟೊ ಇದ್ರ ಪೇಟಿಯ ಕಪ್ಪು 2 (ಎರಡನೇ ಕಪ್ಪು ಮನಿ) ಬರ್ತದ, ಟೆನರ್ ಇದ್ರ ಕಪ್ಪು 5. ಬ್ಯಾರೆ ಏನರೆ ಬಂತು ಅಂದ್ರ ಅಲ್ಲೇ ನಿಂತು ವಿಚಾರ ಮಾಡ್ರಿ.

ಯಾಕ ಇಷ್ಟು ಒತ್ತಿ ಹೇಳ್ತೀನಂದ್ರ, ಆ ಕಾಲಕ್ಕ ಎರಡು ಶ್ರುತಿಯ ಸ್ಯಾಕ್ಸ್ ಬರ್ತಿದ್ದವು. ಲೋ ಪಿಚ್ ಅಂದ್ರ ಇವತ್ತಿನ ಎ 440ರ ಶ್ರುತಿ, 'ಎ' ಸ್ವರ ಸೆಕೆಂಡಿಗೆ 440 ಸಲ ಕಂಪಿಸೋದು. ಹೈ ಪಿಚ್ ಅಂದ್ರ ಎ ಸುಮಾರು 457, ಮಿಲಿಟರಿ ಬ್ಯಾಂಡುಗಳ ಹಳೇ ಶ್ರುತಿ. ಎರಡರ ನಡುವ ಪೇಟಿಯ ಒಂದು ಮನಿಯಿಂದ ಮುಂದಿನ ಮನಿಗೆ ಇರೋ ಅಂತರದ ಮೂರರೊಳಗ ಎರಡು ಪಾಲು ವ್ಯತ್ಯಾಸ. ಹೈ ಪಿಚ್ ಆಲ್ಟೊ ಕಪ್ಪು 2ಕ್ಕೂ ಕೂಡೂದಿಲ್ಲ, ಬಿಳಿ 3ಕ್ಕೂ ಕೂಡೂದಿಲ್ಲ. ಮೌತ್‌ಪೀಸ್ ಹೊರಗ ಜಗ್ಗಿ ಸರಿ ಮಾಡ್ತೀನಂದ್ರ ಆಗೂದಿಲ್ಲ, ತೂತುಗಳ ಅಂತರನ ಬ್ಯಾರೆ. ಸೀರಿಯಲ್ ನಂಬರಿನ ಹತ್ರ 'ಎಲ್' ಇದ್ರ ಲೋ ಪಿಚ್. 'ಎಚ್' ಇತ್ತಂದ್ರ ಪುಕ್ಕಟೆ ಕೊಟ್ರೂ ಕಪಾಟಿನೊಳಗ ಇಡಲಿಕ್ಕೇ ಸೈ.

ಇಷ್ಟೆಲ್ಲಾ ದಾಟಿ ಬಂದ ಹಳೇ ಸ್ಯಾಕ್ಸ್ ಇದ್ರ ಅದರ ನಾದಕ್ಕ ನಾ ಸೋತೋನು. 1920ರ ದಶಕದ ಕಾನ್ ತಂಬೂರಿ ಜೋಡಿ ಇಟಗೊಂಡು ಮೆಲ್ಲಗ ಊದಿ ನೋಡ್ರಿ. ಜೋರು ಊದಿದಾಗ ಎಲ್ಲಾ ಸ್ಯಾಕ್ಸೂ ಛಲೋ ಕೇಳ್ತಾವ. ದನಿ ಇಳಿಸಿದಾಗ ಮೈ ತುಂಬಿಕೊಂಡು ನಿಲ್ಲೋದು ಕೆಲವು ಅಷ್ಟ. ಅವುಗಳಾಗ ಇನ್ನೊಂದು ಗುಣ ಅದ. ಹೊಸ ಸ್ಯಾಕ್ಸ್ ಸ್ವರಕ್ಕ ಬಂದು ಗಟ್ಟಿ ಕೂಡ್ತದ, ಹಳೇದು ತುಟಿ ಸಡಲಿಸಿದ್ರ ಬಾಗ್ತದ. ಪಾಶ್ಚಾತ್ಯ ಆರ್ಕೆಸ್ಟ್ರಾದವರು ಇದನ್ನ ಕೊರತಿ ಅಂತಾರ. ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ತಗೀಬೇಕನ್ನೋ ನಮಗ ಅದು ವರ. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದಿಂದ ಬಂದು, ಮೈಸೂರು ಅರಮನೆ ಬ್ಯಾಂಡಿನೊಳಗ ಕೇಳಿದ ಈ ವಾದ್ಯಕ್ಕ ಮನಸೋತು, ಗಮಕ ಇದರಾಗ ಬರೂದಿಲ್ಲ ಅನ್ನೋರ ಬಾಯಿ ಮುಚ್ಚಿಸಿದ್ರು. 1994ರಾಗ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕಿ ತನಕ ಒಯ್ದ್ರು. ಅಡಾಲ್ಫ್ ಸ್ಯಾಕ್ಸ್ 1846ರಾಗ ಪ್ಯಾರಿಸ್ಸಿನೊಳಗ ಪೇಟೆಂಟ್ ತಗೊಂಡಾಗ ಅವನ ಕಣ್ಣಮುಂದ ಇದ್ದದ್ದು ಫೌಜಿನ ಬ್ಯಾಂಡು. ಅದು ನಮ್ಮ ರಾಗಕ್ಕ ಇಷ್ಟು ಒಗ್ಗೀತು ಅಂತ ಅವನಿಗೆ ಹೊಳದಿರಲಿಕ್ಕಿಲ್ಲ.

ಗದಗಿನಿಂದ, ಪೇಟಿ ಹಾಗೂ ಊದುವ ವಾದ್ಯಗಳ ದುರಸ್ತಿ ಮಾಡುವವರು:

ನಾದದ ಮಾತು ಮೇಲಿನವರು ಹೇಳಿದ್ದಾರೆ. ನಾನು ಗಾಳಿ ಸೋರಿಕೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಹಳೆಯ ಸ್ಯಾಕ್ಸ್ ಕೊಂಡವರು ನನ್ನ ಹತ್ತಿರ ಅಳುತ್ತ ಬರುವುದು ಇದಕ್ಕೇ.

ದೀಪಾವಳಿಗೆ ಕಿಟಕಿಗೆ ಕಟ್ಟುವ ಸಣ್ಣ ಎಲ್‌ಇಡಿ ಬಲ್ಬಿನ ಸರ ಒಂದು ಕಿಸೆಯಲ್ಲಿ ಒಯ್ಯಿರಿ. ನೆಕ್ ತೆಗೆದು, ಮೇಲಿನಿಂದ ಸರವನ್ನು ಒಳಗೆ ಬಿಟ್ಟು, ಕೋಣೆ ಕತ್ತಲು ಮಾಡಿ ಒಂದೊಂದೇ ಕೀ ಒತ್ತಿ. ಹಗುರ ಒತ್ತಿ, ಬೆರಳು ಬೆಳ್ಳಗಾಗುವಷ್ಟು ಅಲ್ಲ. ಮುಚ್ಚಿದ ಪ್ಯಾಡಿನ (ತೂತು ಮುಚ್ಚುವ ಚರ್ಮದ ಬಿಲ್ಲೆ) ಸುತ್ತ ಬೆಳಕು ಇಣುಕಿದರೆ ಗಾಳಿ ಅಲ್ಲೇ ಹೋಗುತ್ತದೆ. ಒಂದು ಸ್ಯಾಕ್ಸಿನಲ್ಲಿ ಸುಮಾರು 25 ಪ್ಯಾಡುಗಳಿರುತ್ತವೆ. ಎರಡು ಮೂರರಲ್ಲಿ ಬೆಳಕು ಕಂಡರೆ ದುರಸ್ತಿ, ಎಲ್ಲೆಡೆ ಕಂಡರೆ ಪೂರ್ತಿ ಹೊಸ ಪ್ಯಾಡ್. ಆ ಖರ್ಚನ್ನು ವಾದ್ಯದ ಬೆಲೆಯೊಳಗೇ ಹಿಡಿಯಿರಿ. ಸಾಮಾನ್ಯವಾಗಿ ಮೋಸ ಮಾಡುವುದು ಜಿ-ಶಾರ್ಪ್ ಪ್ಯಾಡು ಮತ್ತು ನೆಕ್ ಮೇಲಿನ ಆಕ್ಟೇವ್ ಪ್ಯಾಡು. ಬೆಳಕಿನ ಪರೀಕ್ಷೆ ಆದ ಮೇಲೆ ತೀರ ಕೆಳಗಿನ ಬಿ-ಫ್ಲ್ಯಾಟ್ ಸ್ವರವನ್ನು ಪಿಸುಗುಟ್ಟುವಷ್ಟು ಮೆಲ್ಲಗೆ ಊದಿ. ಅದು ಎದ್ದರೆ ಮೇಲಿನದೆಲ್ಲ ಮುಚ್ಚಿದೆ ಎಂದರ್ಥ. ಗುಳುಗುಳು ಎಂದರೆ ಎಲ್ಲೋ ಸೋರಿಕೆ ಇದೆ.

ಹಳೆಯ ಕಾನ್‌ನಲ್ಲಿ ತೂತಿನ ಅಂಚನ್ನು ಹೊರಕ್ಕೆ ಮಡಿಸಿರುತ್ತಾರೆ, ದುಂಡಗೆ ಕೈಗೆ ನುಣ್ಣಗೆ ಹತ್ತುತ್ತದೆ. ನೋಡಲು ಬಲು ಚೆಂದ. ಆದರೆ ಅದು ಏರುಪೇರಾಗಿದ್ದರೆ ಕಾನಸು ಹಿಡಿದು ಸಮ ಮಾಡಲು ಬಾರದು, ಮಡಿಕೆಯೇ ಸವೆದು ಹೋಗುತ್ತದೆ. ಹಿಂದೆ ಯಾರೋ ಕಾನಸು ಆಡಿಸಿದ ಗುರುತಿದ್ದರೆ ಆ ವಾದ್ಯ ಬೇಡ. ನೆಕ್ ಮೌತ್‌ಪೀಸಿಗೆ ಸೇರುವಲ್ಲಿ ತಿರುಗಿಸುವ ಗಾಲಿಯಂಥದ್ದು ಕಂಡರೆ ಅದು ಶ್ರುತಿ ಹೊಂದಿಸುವ ಮೈಕ್ರೋಟ್ಯೂನರ್. ಅದರೊಳಗಿನ ವಾಶರ್ ಒಣಗಿ ಗಾಳಿ ಬಿಡುತ್ತಿರಬಹುದು. ಇನ್ನೊಂದು ತುದಿ, ಮೈಗೆ ಸೇರುವಲ್ಲಿ, ಟೇಪು ಸುತ್ತಿದ್ದಾರೋ ನೋಡಿ. ಟೇಪು ಇದ್ದರೆ ಸಂದು ಸಡಿಲವಿದೆ.

ಪ್ಯಾಡನ್ನು ಕೂರಿಸಬೇಕಾದದ್ದು ಅರಗಿನಿಂದ. ಅರಗಾದರೆ ಕಾಯಿಸಿ ಪ್ಯಾಡನ್ನು ಸರಿಸಿ ಸಮ ಕೂರಿಸಬಹುದು. ಕೆಲವರು ರಬ್ಬರ್ ಅಂಟು ಮೆತ್ತಿರುತ್ತಾರೆ, ಅದನ್ನು ಕಿತ್ತು ತೆಗೆಯುವುದರಲ್ಲೇ ದಿನ ಕಳೆಯುತ್ತದೆ. ದಯವಿಟ್ಟು ಯಾರೂ ಹುಣಸೆಹಣ್ಣು ಹಚ್ಚಿ ಸ್ಯಾಕ್ಸ್ ತಿಕ್ಕಬೇಡಿ. ಹಂಡೆ ಅಲ್ಲ ಅದು. ಹುಳಿ ಮತ್ತು ನೀರು ಸ್ಪ್ರಿಂಗಿನೊಳಗೆ ಇಳಿದು ತುಕ್ಕು ಹಿಡಿಸುತ್ತವೆ, ಪ್ಯಾಡಿನ ಚರ್ಮ ಸೆಟೆಯುತ್ತದೆ. ಬೆಳ್ಳಿ ಕಪ್ಪಾಗಿದ್ದರೆ ಗಾಬರಿ ಬೇಡ, ನಾದಕ್ಕೆ ಅದರಿಂದ ಏನೂ ಆಗುವುದಿಲ್ಲ. ಬದಲಿಗೆ ಹಳೆಯ ವಾದ್ಯ ಹೊಸದರಂತೆ ಥಳಥಳ ಹೊಳೆಯುತ್ತಿದ್ದು, ಕೆತ್ತನೆಯ ಗೆರೆ ಮಸುಕಾಗಿದ್ದರೆ ಅನುಮಾನ ಪಡಿ. ಯಂತ್ರಕ್ಕೆ ಕೊಟ್ಟು ಉಜ್ಜಿಸಿದ್ದಾರೆ, ತಗಡು ತೆಳುವಾಗಿದೆ.

ಹುಬ್ಬಳ್ಳಿಯಿಂದ, ಆರ್ಕೆಸ್ಟ್ರಾದಲ್ಲಿ ಊದುವವರು:

ನನ್ನ ಮತ ಯಮಾಹಾಕ್ಕ. ಕಲಿಯೋರ ಬೆರಳಿಗೆ ಹಳೇ ಕಾನ್ ಭಾಳ ಕಷ್ಟ ಕೊಡತೈತಿ. ಎಡಗೈ ಕಿರುಬೆರಳಿನ ಕೀಗೋಳು ಗಟ್ಟಿ, ಜಾಗಾನೂ ಅಡ್ಡಾದಿಡ್ಡಿ. 1936ರ ಸುಮಾರಿಗೆ ಪ್ಯಾರಿಸ್ಸಿನ ಸೆಲ್ಮರ್ ಬ್ಯಾಲೆನ್ಸ್ಡ್ ಆಕ್ಷನ್ ಅನ್ನೋ ಮಾದರಿ ತಂದು ಬಾಯಿ ಮ್ಯಾಲಿನ ಕೀ ಎಲ್ಲಾ ಬಲಕ್ಕ ಒಯ್ದಿತು. 1954ರಾಗ ಅವರದ ಮಾರ್ಕ್ ಸಿಕ್ಸ್ ಬಂತು. ಈಗಿನ ಯಮಾಹಾ ಸೈತ ಬೆರಳಿನ ಜಾಗದಾಗ ಆ ಹಾದಿನ ಹಿಡದೈತಿ. ಮಾರ್ಕ್ ಸಿಕ್ಸ್ ಊದೀನಿ, ಅದು ಕೈಯಾಗ ಇದ್ದಾಗ ಬೆರಳು ಎಲ್ಲಿ ಇಡಬೇಕಂತ ಯೋಚನೇನ ಬರೂದಿಲ್ಲ. ಆದ್ರ ಅದರ ರೇಟು ನಮ್ಮಂಥವರಿಗೆ ಎಟಕೂದಲ್ಲ. ಹೆಸರಿಗೆ ಬೆನ್ನ ಹತ್ತೂದೂ ಬ್ಯಾಡ್ರಿ. ಅಮೆರಿಕಾದ ಹೆಸರಾಂತ ಜಾಝ್ ಆಲ್ಟೊ ವಾದಕ ಚಾರ್ಲಿ ಪಾರ್ಕರ್ 1953ರ ಮೇ 15ಕ್ಕ ಟೊರಾಂಟೊದ ಮ್ಯಾಸಿ ಹಾಲ್‌ನ್ಯಾಗ ಊದಿದ್ದು ಗ್ರಾಫ್ಟನ್ ಅನ್ನೋ ಪ್ಲಾಸ್ಟಿಕ್ ಆಲ್ಟೊ. ಆ ಕಾರ್ಯಕ್ರಮ ಇವತ್ತಿಗೂ ಜನ ಕೇಳ್ತಾರ.

ಹಾವೇರಿಯಿಂದ ಕೇಳಿದವರು:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆ. ಮೈ ನೆಟ್ಟಗೈತಿ, ನೆಕ್ ಬಾಗಿಲ್ಲ, ಅಂಚಿಗೆ ಕಾನಸು ಬಿದ್ದಿಲ್ಲ. ಎಲ್‌ಇಡಿ ಸರ ಬಿಟ್ಟಾಗ ಜಿ-ಶಾರ್ಪ್ ಪ್ಯಾಡು ಬೆಳಕು ಬಿಟ್ಟಿತು, ಇನ್ನೂ ಕೆಲವು ಒಣಗ್ಯಾವು. ನಂಬರಿನ ಹತ್ರ ಎರಡು ಅಕ್ಷರ ಅದಾವು, ಒಂದು 'ಸಿ', ಒಂದು 'ಎಲ್'. ನಡು ಬೆರಳು ಒತ್ತಿ ಊದಿದ್ರ ಪೇಟಿಯ ಬಿಳಿ 1 ಬಂತು! ಗೆಳೆಯರ ಆಲ್ಟೊಕ್ಕಿಂತ ಮೈಯಾಗ ದೊಡ್ಡದೂ ಐತಿ. ಆದ್ರ ಮೆಲ್ಲಗ ಊದಿದಾಗ ಬಂದ ದನಿ ಇನ್ನೂ ಕಿವಿಯಾಗ ಕುಂತೈತಿ.

ಧಾರವಾಡದಿಂದ:

ಅದು ಆಲ್ಟೊ ಅಲ್ರಿ, ಸಿ-ಮೆಲೊಡಿ. ನಂಬರಿನ ಹತ್ರದ 'ಸಿ' ಅದಕ್ಕ. ಆಲ್ಟೊಕ್ಕೂ ಟೆನರ್‌ಗೂ ನಡುವಿನ ಅಳತಿ. 1920ರ ದಶಕದಾಗ ಅಮೆರಿಕಾದ ಮನಿಮನಿಯೊಳಗ ಇದರ ಹುಚ್ಚು ಹಿಡದಿತ್ತು. ಪಿಯಾನೊ ಸಲುವಾಗಿ ಬರದ ಹಾಡನ್ನ ಸ್ವರ ಬದಲಿಸದ ಹಂಗ ಊದಬಹುದಿತ್ತು. ಆ ದಶಕ ಮುಗೀತಿದ್ದಂಗ ಹುಚ್ಚೂ ಇಳೀತು, ಆಮ್ಯಾಲೆ ಮಾಡೋರ ಕಡಿಮಿ ಆದ್ರು. ಹಿಂಗಾಗಿ ಆಲ್ಟೊದ ರೇಟು ಇದಕ್ಕಿಲ್ಲ. ಮಾರೋರು ಬೇಕಂತ ಸುಳ್ಳು ಹೇಳಿರಲಿಕ್ಕಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ. ಆ ಅಕ್ಷರ ತೋರಿಸಿ ಸಮಾಧಾನದಿಂದ ಮಾತಾಡ್ರಿ.

ನಿಮ್ಮ ಕೆಲಸಕ್ಕ ಅದು ಹೇಳಿ ಮಾಡಿಸಿದ್ದು ಅಂತೀನಿ. ಆಲ್ಟೊದಾಗ ಬಿಳಿ 1ರ ಷಡ್ಜಕ್ಕ 'ಎ' ಹಿಡೀಬೇಕು, ಮನಸ್ಸಿನೊಳಗ ಪ್ರತಿ ಸ್ವರ ಸರಿಸಬೇಕು. ಇದರಾಗ ಪೇಟಿಯ ಮನಿ ಯಾವುದೋ ಬೆರಳೂ ಅದ. ಭಜನಿಯೊಳಗ ಹಾಡೋರ ದನಿಯನ್ನ ಮುಚ್ಚೂದಿಲ್ಲ. ಒಂದ ಮಾತು, ಅದರ ಮೂಲ ಮೌತ್‌ಪೀಸ್ ಅದನೋ ಕೇಳ್ರಿ. ಒಳಗ ಅಗಲ ಇರೋ ಹಳೇ ಮೌತ್‌ಪೀಸ್ ಇದ್ರನ ಇದರ ಶ್ರುತಿ ಕೂಡೂದು. ಸಣ್ಣ ಒಳಗಿನ ಹೊಸಾದು ಹಾಕಿದ್ರ ಮ್ಯಾಲಿನ ಸ್ವರ ಏರ್ತಾವ.

ಹುಬ್ಬಳ್ಳಿಯ ಬ್ಯಾಂಡ್ ವಾದಕರು:

ಮಾಸ್ತರ್ ಹೇಳಿದ್ದು ಭಜನಿಗೆ ಖರೆ. ನಾಳೆ ಬ್ಯಾಂಡಿಗೋ ಆರ್ಕೆಸ್ಟ್ರಾಕ್ಕೋ ಕರದ್ರ ಅದನ್ನ ಹಿಡಕೊಂಡು ಬರಾಕ ಆಗೂದಿಲ್ರಿ. ಅಲ್ಲಿ ಆಲ್ಟೊ ಇಲ್ಲಾ ಟೆನರ್. ನಿಮಗ ಯಾವುದು ಬೇಕಂತ ಮೊದಲ ಗಟ್ಟಿ ಮಾಡ್ಕೋರಿ.

ಹಾವೇರಿಯಿಂದ ಕೇಳಿದವರು:

ನನಗ ಬೇಕಾದದ್ದು ಭಜನಿ ಮತ್ತ ಮನ್ಯಾಗಿನ ರಿಯಾಜು ಅಷ್ಟ್ರಿ. ಅವರ ಕೂಡ ಮಾತಾಡಿದೆ, ಅಕ್ಷರ ತೋರಿಸಿದ ಮ್ಯಾಲೆ ರೇಟು ಇಳಿಸ್ಯಾರ. ಮೂಲ ಮೌತ್‌ಪೀಸ್ ಪೆಟ್ಟಿಗಿಯಾಗ ಐತಿ, ಕರೇದು ಹೋಗಿ ಹಸಿರುಗಂದು ಬಣ್ಣ ಆಗೇತಿ. ಕಾನ್ ತಗೋತೀನಿ. ಗದಗಿಗೆ ದುರಸ್ತಿಗೆ ತರೋದಾ?

ಗದಗಿನಿಂದ:

ತನ್ನಿ. ಆ ಬಣ್ಣ ಹಳೆಯ ಗಟ್ಟಿ ರಬ್ಬರಿಗೆ ಬೆಳಕು ಬಿದ್ದು ಬಂದದ್ದು. ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಡಿ, ಇನ್ನಷ್ಟು ಬಣ್ಣ ಕೆಡುತ್ತದೆ. ಬಸ್ಸಿನಲ್ಲಿ ಬರುವಾಗ ನೆಕ್ ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಬರುವ ಮುಂಚೆ ಎಣ್ಣೆ ಬಿಡಬೇಡಿ, ಸೋರಿಕೆ ಎಲ್ಲಿದೆ ಎಂದು ನನಗೆ ಇದ್ದ ಹಾಗೇ ನೋಡಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಸ್ಕ್ರೂ, ಸ್ಪ್ರಿಂಗಿನ ತುಂಡು, ಹಳೆಯ ಕಾರ್ಕು ಏನಿದ್ದರೂ ಎಸೆಯದೆ ತನ್ನಿ. ಆ ಅಳತೆಯ ಸ್ಕ್ರೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.