ಟರ್ಬೊ ಬದಲಿಸಿದರೂ ಮತ್ತೆ ಕಪ್ಪು ಹೊಗೆ, ಏರಿನಲ್ಲಿ ಎಳೆತವಿಲ್ಲ: ಅದಿರು ಟಿಪ್ಪರ್‌ನ ಎಂಜಿನ್ ಸಮಸ್ಯೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಂಡೂರು ಭಾಗದ ಗಣಿಗಳಿಂದ ತೋರಣಗಲ್ಲಿನ ಕಡೆಗೆ ಅದಿರು ಸಾಗಿಸುವ ನನ್ನ ಹತ್ತು ಚಕ್ರದ ಟಿಪ್ಪರ್ ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಮಾದರಿಯದು. ಕಾಮನ್ ರೈಲ್ ಎಂಜಿನ್, ಅಂದರೆ ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹಂಚುವಂಥದ್ದು. ಲೋಡ್ ತುಂಬಿಕೊಂಡು ಏರು ಹತ್ತುವಾಗ ಪಿಕಪ್ ಬಿದ್ದುಹೋಗುತ್ತದೆ, ಸೈಲೆನ್ಸರ್‌ನಿಂದ ದಟ್ಟವಾದ ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಖರ್ಚೂ ಹೆಚ್ಚಾಗಿದೆ. ಖಾಲಿ ಗಾಡಿ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಓಡುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಬೂಸ್ಟ್ ಒತ್ತಡ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಕಡಿಮೆ ಎಂಬ ಕೋಡ್ ಬಂದಿತ್ತು. ಮೊದಲು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆ ಮಾಡಿಸಿದರು, ಆಮೇಲೆ ಟರ್ಬೊವನ್ನೇ ಬದಲಿಸಿದರು. ಕೆಲವು ತಿಂಗಳು ಗಾಡಿ ಚೆನ್ನಾಗಿ ಎಳೆಯಿತು. ಈಗ ಅದೇ ಹೊಗೆ, ಅದೇ ಕೋಡ್. ಜೊತೆಗೆ ಸಿಳ್ಳೆ ಹಾಕಿದಂಥ ಸದ್ದು. ಇನ್ನೊಂದು ಟರ್ಬೊ ಹಾಕಿಸಬೇಕು ಎನ್ನುತ್ತಿದ್ದಾರೆ. ಸಾಲದ ಕಂತು ನಡೆಯುತ್ತಿರುವ ಗಾಡಿಯಾದ್ದರಿಂದ, ಅಷ್ಟು ಹಣ ಹಾಕುವ ಮೊದಲು ತಿಳಿದವರ ಸಲಹೆ ಬೇಕಾಗಿದೆ.

ಉತ್ತರ

ಸರ್, ದಯವಿಟ್ಟು ಈಗಲೇ ಟರ್ಬೊ ಕೊಳ್ಳಬೇಡಿ. ಹೊಸ ಟರ್ಬೊ ಕೆಲವೇ ತಿಂಗಳಲ್ಲಿ ಕೈಕೊಟ್ಟಿದೆ ಎಂದರೆ ಅದನ್ನು ಕೆಡಿಸುತ್ತಿರುವ ಕಾರಣ ಗಾಡಿಯಲ್ಲಿ ಇನ್ನೂ ಹಾಗೆಯೇ ಉಳಿದಿದೆ ಎಂದೇ ಅರ್ಥ. ಅದನ್ನು ಹುಡುಕದೆ ಮೂರನೆಯದನ್ನು ಹಾಕಿಸಿದರೂ ಅದಕ್ಕೂ ಇದೇ ಗತಿ.

ನೀವು ಹೇಳಿದ ಲಕ್ಷಣಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಹೊಗೆಯ ಬಣ್ಣ. ಎಳೆತ ಬಿದ್ದು ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ ಎಂದು ಶಂಕಿಸಿ ಡೀಸೆಲ್ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲು, ಫೀಡ್ ಪಂಪ್ ಇವುಗಳಿಂದ ಶುರು ಮಾಡುತ್ತಿದ್ದೆ. ಎಳೆತ ಬಿದ್ದು ಕಪ್ಪು ಹೊಗೆಯೂ ಬರುತ್ತಿದ್ದರೆ, ಅದರಲ್ಲೂ ಇಂಜೆಕ್ಟರ್ ಪರೀಕ್ಷೆ ಆಗಿಹೋಗಿದ್ದರೆ, ಹೋಗುತ್ತಿರುವ ಡೀಸೆಲ್‌ಗೆ ತಕ್ಕಷ್ಟು ಗಾಳಿ ಎಂಜಿನ್‌ಗೆ ಸಿಗುತ್ತಿಲ್ಲ ಎಂದು ತಿಳಿಯಬೇಕು. ಬೂಸ್ಟ್ ಕಡಿಮೆ ಎಂಬ ಕೋಡ್ ಕೂಡ ಅಷ್ಟನ್ನೇ ಹೇಳುತ್ತದೆ. ಒತ್ತಡ ಏಕೆ ಕಡಿಮೆಯಾಯಿತು ಎಂಬುದು ಸ್ಕ್ಯಾನರ್‌ಗೆ ಗೊತ್ತಿರುವುದಿಲ್ಲ. ಅದನ್ನು ಕೈಯಿಂದಲೇ ಹುಡುಕಬೇಕು.

ಎಂಜಿನ್ ಆಫ್ ಮಾಡಿ, ಅದು ತಣ್ಣಗಾದ ಮೇಲೆ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಬರುವ ರಬ್ಬರ್ ಹೋಸ್ ಬಿಚ್ಚಿ, ಒಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಒರೆಸಿ ನೋಡಿ. ಅದು ಫಿಲ್ಟರ್ ದಾಟಿದ ಗಾಳಿಯ ದಾರಿ, ಅಲ್ಲಿ ಧೂಳಿನ ಸುಳಿವೂ ಇರಕೂಡದು. ಬಟ್ಟೆ ಕೆಂಪಾದರೆ ಕಾರಣ ಸಿಕ್ಕಂತೆಯೇ. ನಮ್ಮ ಕಡೆಯ ಅದಿರು ಹೆಮಟೈಟ್, ಅಂದರೆ ಕೆಂಪು ಪುಡಿಯಾಗುವ ಕಬ್ಬಿಣದ ಅದಿರು, ಅದರ ಜೊತೆಗೆ ಕ್ವಾರ್ಟ್ಜ್ (ಗಟ್ಟಿ ಬೆಣಚುಕಲ್ಲು) ಬೆರೆತ ಕಲ್ಲಿನ ಪುಡಿಯೂ ಹಾರುತ್ತಿರುತ್ತದೆ. ನಿಮಿಷಕ್ಕೆ ಸುಮಾರು 1 ಲಕ್ಷ ಸುತ್ತಿನ ವೇಗದಲ್ಲಿ ತಿರುಗುವ ಟರ್ಬೊ ಚಕ್ರದ ಅಲ್ಯೂಮಿನಿಯಂ ರೆಕ್ಕೆಗಳನ್ನು ಆ ಪುಡಿ ಉಪ್ಪುಕಾಗದದಂತೆ ತೇಯ್ದುಬಿಡುತ್ತದೆ. ಹೋಸ್ ಬಿಚ್ಚಿರುವಾಗಲೇ ರೆಕ್ಕೆಗಳ ಅಂಚು ಸವೆದು ಮೊಂಡಾಗಿದೆಯೇ, ಶಾಫ್ಟ್ ಅಲುಗಾಡಿಸಿದರೆ ಚಕ್ರ ಹೊರಕವಚಕ್ಕೆ ತಾಗುತ್ತದೆಯೇ ಎಂಬುದನ್ನೂ ನೋಡಿ.

ಎರಡನೆಯ ಅನುಮಾನ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊದ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ಪೈಪುಗಳ ಮೇಲೆ. ಲೋಡ್ ಬಿದ್ದಾಗ ಮಾತ್ರ ಸೀಳು ಬಿಟ್ಟುಕೊಂಡು ಗಾಳಿ ಸೋರುವ ಹೋಸ್ ಖಾಲಿ ಗಾಡಿಯಲ್ಲಿ ಪತ್ತೆಯಾಗುವುದಿಲ್ಲ. ನಿಮಗೆ ಕೇಳುತ್ತಿರುವ ಸಿಳ್ಳೆ ಅದರದ್ದೂ ಆಗಿರಬಹುದು. ಕ್ಲಿಪ್ಪಿನ ಸುತ್ತ ಎಣ್ಣೆ ಬೆರೆತ ಧೂಳು ಮೆತ್ತಿದ್ದರೆ ಅಲ್ಲಿ ಸೋರಿಕೆ ಇದೆ. ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ ಎಂಜಿನ್ ಕೈಪಿಡಿ ಹೇಳಿದಷ್ಟು ಒತ್ತಡವನ್ನು ಮಾತ್ರ ಕೊಟ್ಟು, ಸೋಪಿನ ನೀರು ಹಚ್ಚಿ ನೋಡಿಸಿ.

ಕಾಮನ್ ರೈಲ್‌ನ ಡೀಸೆಲ್ ಪೈಪುಗಳನ್ನು ಮಾತ್ರ, ಎಂಜಿನ್ ಓಡುತ್ತಿರುವಾಗ, ಯಾರೂ ಸಡಿಲಿಸಬಾರದು. ಅಲ್ಲಿ 1,000 ಬಾರ್‌ಗೂ ಮೀರಿದ ಒತ್ತಡವಿರುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು, ಸರ್. ಬಟ್ಟೆ ಪೂರ್ತಿ ಕೆಂಪಾಯಿತು. ಫಿಲ್ಟರ್ ಡಬ್ಬಿಯ ಬಾಯಿಗೆ ಹೋಸ್ ಕೂರುವ ಕಡೆ, ಕೆಳಭಾಗದಲ್ಲಿ, ಹೋಸ್ ಉಗುರು ತೂರುವಷ್ಟು ಬಿರುಕು ಬಿಟ್ಟಿದೆ; ಕ್ಲಿಪ್ ಅದರ ಮೇಲೆಯೇ ಇರುವುದರಿಂದ ಬಿಚ್ಚುವವರೆಗೆ ಕಾಣುತ್ತಿರಲಿಲ್ಲ. ಟರ್ಬೊ ರೆಕ್ಕೆಗಳ ಅಂಚು ಸವೆದಿದೆ. ಇಂಟರ್‌ಕೂಲರ್ ಪೈಪುಗಳಲ್ಲಿ ಸೋರಿಕೆ ಇಲ್ಲ. ನಮ್ಮ ಡ್ರೈವರ್ ದಿನವೂ ಸಂಜೆ ಫಿಲ್ಟರ್ ಹೊರತೆಗೆದು ಏರ್ ಹೊಡೆಸುತ್ತಾನೆ, ಅದು ಸರಿಯೇ? ಈಗ ಟರ್ಬೊ ಹಾಕಿಸಬಹುದೇ?

ಉತ್ತರ

ಹಾಗಾದರೆ ಟರ್ಬೊ ಬದಲಿಸಲೇಬೇಕು, ಆದರೆ ಹೊಸ ಹೋಸ್ ಮತ್ತು ಹೊಸ ಕ್ಲಿಪ್ ಹಾಕಿ, ಒಳಗಿನ ಪೈಪುಗಳನ್ನೂ ಇಂಟರ್‌ಕೂಲರನ್ನೂ ತೊಳೆಸಿದ ಮೇಲೆ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಟರ್ಬೊ ದಾಟಿದ ಧೂಳು ಸಿಲಿಂಡರ್‌ಗೂ ಹೋಗಿರುತ್ತದೆ, ಆದ್ದರಿಂದ ಬಿಸಿ ಎಂಜಿನ್ ಓಡುತ್ತಿರುವಾಗ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ಹೊಗೆ ರಭಸವಾಗಿ ನುಗ್ಗುತ್ತದೆಯೇ ನೋಡಿ, ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಸಾಧ್ಯವಾದರೆ ಎಂಜಿನ್ ಆಯಿಲ್‌ನ ಮಾದರಿಯನ್ನು ಲ್ಯಾಬ್‌ಗೆ ಕಳಿಸಿ. ಅದರಲ್ಲಿ ಸಿಲಿಕಾನ್ (ಧೂಳಿನ ಗುರುತು) ಮತ್ತು ಕಬ್ಬಿಣ ಎರಡೂ ಏರಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್, ಸಿಲಿಂಡರ್ ಒಳಗೋಡೆಯ ಲೈನರ್ ಸವೆಯುತ್ತಿವೆ ಎಂದು ತಿಳಿಯಿರಿ. ರಿಂಗ್ ಹೋಗಿರುವ ಎಂಜಿನ್‌ಗೆ ಹೊಸ ಟರ್ಬೊ ಹಾಕಿದರೆ ಹಣ ವ್ಯರ್ಥ, ಎರಡನ್ನೂ ಒಂದೇ ಸಲ ಮಾಡಿಸುವುದು ಲೇಸು.

ದಿನವೂ ಏರ್ ಹೊಡೆಸುವುದನ್ನು ಇವತ್ತೇ ನಿಲ್ಲಿಸಿ. ಜೋರು ಗಾಳಿಗೆ ಫಿಲ್ಟರ್ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ, ಪ್ರತಿ ಸಲ ಬಿಚ್ಚಿ ಹಾಕುವಾಗ ಸೀಲ್ ಜರುಗುತ್ತದೆ, ಡಬ್ಬಿಯಲ್ಲಿ ಕೂತ ಧೂಳು ಒಳದಾರಿಗೆ ಉದುರುತ್ತದೆ. ಫಿಲ್ಟರ್ ಕಟ್ಟಿಕೊಂಡಿದೆ ಎಂದು ಸೂಚಕ ತೋರಿಸಿದಾಗಲೇ ತೆಗೆದು ಹೊಸದನ್ನು ಹಾಕಿ. ಒಳಗಿನ ಚಿಕ್ಕ ಸುರಕ್ಷಾ ಫಿಲ್ಟರನ್ನು ಎಂದಿಗೂ ತೊಳೆಯಬೇಡಿ, ಏರ್ ಹೊಡೆಸಬೇಡಿ. ಡ್ರೈವರ್ ದಿನವೂ ಮಾಡಬೇಕಾದ್ದು ಡಬ್ಬಿಯ ತಳದ ರಬ್ಬರ್ ಮೂತಿಯನ್ನು ಹಿಂಡಿ ಧೂಳು ಉದುರಿಸುವುದು. ಆ ಮೂತಿ ಹರಿದಿದ್ದರೆ ಅದನ್ನೂ ಬದಲಿಸಿ, ಬೆಲೆ ತೀರಾ ಕಡಿಮೆ.

ಕೆಲಸ ಮುಗಿದು ಕೆಲವು ಟ್ರಿಪ್ ಓಡಿದ ಮೇಲೆ ಹೊಸ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಅದೇ ಹೋಸ್ ಬಿಚ್ಚಿ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕಂಪ್ರೆಷನ್ ಅಂಕಿಗಳು ಬಂದ ಮೇಲೆ ಇಲ್ಲಿ ಹಾಕಿದರೆ ರಿಂಗ್ ಕೆಲಸ ಈಗಲೇ ಬೇಕೇ ಎಂಬುದನ್ನು ನೋಡಿ ಹೇಳುತ್ತೇನೆ.